ಮೆಕ್ಕೆಜೋಳಕ್ಕೆ ಹೊಸ ನೆಂಟಸ್ತನ

ಒಂದು ಬೇಸಗೆಯಲ್ಲಿ ನಾವು ಯಾದಗಿರಿಗೆ ಸಮೀಪದ ಅಬ್ಬೆತುಮಕೂರಿಗೆ, ವಿಶ್ವಾರಾಧ್ಯರ ಮಠದ ದರ್ಶನಕ್ಕೆಂದು ಹೋಗಿದ್ದೆವು. ಹಿಂದಿರುಗುವ ಹಾದಿಯಲ್ಲಿ ವೃದ್ಧ ರೈತರೊಬ್ಬರು ಮೆಕ್ಕೆಜೋಳದ ತೆನೆಯೊಂದರ ಮುಸುಕನ್ನು ಸುಲಿದು ನಮ್ಮ ಕೈಗಿತ್ತರು. ತೆನೆಯೇನೋ ಗೇಣುದ್ದವಿತ್ತು; ಕಾಳು ಮಾತ್ರ ಅಲ್ಲೊಂದು ಇಲ್ಲೊಂದು. “ತೆನಿ ಬಂದದ್ರಿ, ಕಾಳ ಕಟ್ಟಿಲ್ಲ. ಬೀಜದ ತಪ್ಪೋ, ಬಿಸಿಲಿನ ತಪ್ಪೋ, ಓದಿದವ್ರು ನೀವು ಹೇಳ್ರಿ” ಎಂದರು ಆ ಹಿರಿಯರು. ತಕ್ಕ ಉತ್ತರ ಆಗ ನಮ್ಮಲ್ಲಿರಲಿಲ್ಲ. ಆ ಸಾಲವನ್ನು ಇಂದು ತೀರಿಸಲೆಳಸುತ್ತೇವೆ.

ತಪ್ಪು ಎರಡರದೂ ಹೌದು. ಮೆಕ್ಕೆಜೋಳದ ಗಂಡು ಹೂವು ಗಿಡದ ನೆತ್ತಿಯಲ್ಲಿದೆ. ಹೆಣ್ಣು ಹೂವು ನಡುವಿನ ತೆನೆಯಲ್ಲಿದೆ. ತೆನೆಯ ತುದಿಯಲ್ಲಿ ಕಾಣುವ ಒಂದೊಂದು ಎಳೆಗೂ ಒಂದೊಂದು ಕಾಳು. ಎಳೆಗೆ ಪರಾಗ ತಾಗದಿದ್ದರೆ ಆ ಕಾಳಿಲ್ಲ. ಹೂವಿನ ಕಾಲದಲ್ಲಿ ಬಿಸಿಲು 35 ಡಿಗ್ರಿಯನ್ನು ಬಹಳವಾಗಿ ಮೀರಿದರೆ ಪರಾಗ ಸೊರಗುತ್ತದೆ, ಎಳೆಗಳು ಹೊರಬರಲು ತಡವಾಗುತ್ತದೆ. ಇದನ್ನು ತಾಳುವ ಗುಣ ಬೀಜದ ವಂಶದಲ್ಲಿಯೇ ಇರಬೇಕು.

ಇಲ್ಲದಿರುವುದೇಕೆ? ಸಂಕರ ಬೀಜಕ್ಕಾಗಿ ಗಿಡವನ್ನು ಆರೇಳು ತಲೆಮಾರು ತನ್ನಲ್ಲಿಯೇ ಕೂಡಿಸಿ ಶುದ್ಧ ಸಂತತಿಯನ್ನು ಪಡೆಯುತ್ತಾರೆ. ಅಂತಹ ಎರಡನ್ನು ಕೂಡಿಸಿದಾಗ ಹೆಚ್ಚಿನ ಇಳುವರಿ ಬರುತ್ತದೆ. ಆದರೆ ಚೆನ್ನಾಗಿ ಫಲಿಸಿದ ಕೆಲವೇ ಮನೆತನಗಳ ನಡುವೆ ಮತ್ತೆಮತ್ತೆ ಸಂಬಂಧ ಬೆಳೆಯುವುದರಿಂದ ವಂಶ ಕಿರಿದಾಗುತ್ತದೆ. ಇದರ ಅಪಾಯವನ್ನು ಅಮೆರಿಕ 1970ರಲ್ಲಿ ಕಂಡಿತು. ಅಲ್ಲಿನ ಬಹುಪಾಲು ಬೀಜದಲ್ಲಿ ಒಂದೇ ತಾಯಿಮೂಲದ ಅಂಶವಿತ್ತು. ಅದಕ್ಕೆ ಹೊಂದಿದ ಶಿಲೀಂಧ್ರವೊಂದು ಹಬ್ಬಿ, ದೇಶದ ಬೆಳೆಯಲ್ಲಿ ಸುಮಾರು ನೂರಕ್ಕೆ 15 ಪಾಲು ಹಾಳಾಯಿತು.

ಹೊಸ ನೆಂಟರಿಗೆ ಕೊರತೆಯಿಲ್ಲ. ಸುಮಾರು 9,000 ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಕಾಡು ಹುಲ್ಲಿನಿಂದ ಈ ಬೆಳೆ ಹುಟ್ಟಿದ ಮೆಕ್ಸಿಕೋದಲ್ಲಿ, ‘ಸಿಮ್ಮಿಟ್’ ಎಂಬ ಅಂತರರಾಷ್ಟ್ರೀಯ ಸಂಸ್ಥೆ 28,000ಕ್ಕೂ ಮಿಕ್ಕ ಮೆಕ್ಕೆಜೋಳದ ಮಾದರಿಗಳನ್ನು ಕಾಪಾಡಿದೆ. ಕಷ್ಟವಿರುವುದು ಮನೆಗೆ ತುಂಬಿಸಿಕೊಳ್ಳುವಲ್ಲಿ. ಪರದೇಶದ ಗಿಡ ನಮ್ಮ ಹಗಲಿನ ಅಳತೆಗೆ ಹೊಂದದೆ ತಡವಾಗಿ ಹೂ ಬಿಡಬಹುದು, ಅತಿ ಎತ್ತರ ಬೆಳೆದು ನೆಲಕ್ಕೊರಗಬಹುದು. ಒಂದು ಒಳ್ಳೆಯ ಗುಣದೊಡನೆ ಹತ್ತು ಬೇಡದ ಗುಣಗಳು ಬರುತ್ತವೆ. ಆದುದರಿಂದ ಹುಟ್ಟಿದ ಸಂತತಿಯನ್ನು ಮತ್ತೆ ನಮ್ಮ ತಳಿಯೊಡನೆ ಕೂಡಿಸುತ್ತಾರೆ. ಹೊರಗಿನ ಪಾಲು ಅರ್ಧ, ಕಾಲು, ಅರೆಕಾಲು ಎಂದು ಇಳಿಯುತ್ತದೆ. ಪ್ರತಿ ತಲೆಮಾರನ್ನೂ ಬಿಸಿಲಿಗೊಡ್ಡಿ ಆರಿಸಬೇಕು. ಇಲ್ಲವಾದರೆ ಯಾವ ಗುಣಕ್ಕಾಗಿ ಸಂಬಂಧ ಬೆಳೆಸಿದೆವೋ ಅದೇ ತೊಳೆದುಹೋದೀತು.

ಇನ್ನೊಂದು ದಾರಿಯೂ ಉಂಟು. ಹಲವು ಮೂಲಗಳನ್ನು ಒಂದೇ ಸಮೂಹದಲ್ಲಿ ಬೆರೆಸಿ, ಉತ್ತಮವಾದುದನ್ನು ಮರಳಿ ಮರಳಿ ಆರಿಸುವುದು. ಭಾರತದಲ್ಲಿ 1967ರಲ್ಲಿ ಹೊರಬಂದ ವಿಜಯ್, ಕಿಸಾನ್, ಜವಾಹರ್ ಮೊದಲಾದುವು ಇಂತಹ ಸಮ್ಮಿಶ್ರ ತಳಿಗಳು. ಇವುಗಳ ಬೀಜವನ್ನು ರೈತನು ತಾನೇ ಕಾದಿಟ್ಟು ಕೆಲವು ವರ್ಷ ಬಿತ್ತಬಹುದಾಗಿತ್ತು. ಸಂಕರ ಬೀಜಕ್ಕೆ ಆ ಅನುಕೂಲವಿಲ್ಲ.

ನಮ್ಮ ನಾಡಿನಲ್ಲಿಯೂ ಕೆಲಸ ನಡೆದಿದೆ. ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯವು ಸಿಮ್ಮಿಟ್ ಸಂಸ್ಥೆಯೊಡನೆ ಕೂಡಿ, ಆ ಸೀಮೆಯ ಉರಿಬಿಸಿಲನ್ನೇ ಒರೆಗಲ್ಲಾಗಿ ಮಾಡಿಕೊಂಡು ಬಿಸಿಲು ತಾಳುವ ಸಂಕರ ತಳಿಗಳನ್ನು ಆರಿಸಿತು. 2021ರಲ್ಲಿ ಕುಣಿಗಲ್ಲಿನಲ್ಲಿ ತೆರೆದ ಕೇಂದ್ರದ ವಿಧಾನದಿಂದ, ಆರೇಳು ತಲೆಮಾರು ಹಿಡಿಯುತ್ತಿದ್ದ ಶುದ್ಧ ಸಂತತಿ ಎರಡೇ ತಲೆಮಾರಿನಲ್ಲಿ ಸಿದ್ಧವಾಗುತ್ತದೆ.

ಇಷ್ಟಾದರೂ ಹೊರಗಿನ ಗುಣವೊಂದು ರೈತನ ಹೊಲವನ್ನು ಮುಟ್ಟಲು ಅನೇಕ ವರ್ಷಗಳು ಬೇಕು. ಪಿಡುಗು ಕಾಯುವುದಿಲ್ಲ: ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡುಬಂದದ್ದು 2018ರಲ್ಲಿ, ನಮ್ಮ ಕರ್ನಾಟಕದ ಮೆಕ್ಕೆಜೋಳದಲ್ಲಿಯೇ. ಬಾವಿಯನ್ನು ಬಾಯಾರುವ ಮೊದಲೇ ತೋಡಬೇಕಲ್ಲವೆ? ಅಬ್ಬೆತುಮಕೂರಿನ ಹಿರಿಯರಿಗೆ ನಮ್ಮ ಉತ್ತರವಿಷ್ಟೆ: ಬಿಸಿಲನ್ನು ತಗ್ಗಿಸುವುದು ಸದ್ಯಕ್ಕೆ ನಮ್ಮ ಕೈಯಲ್ಲಿಲ್ಲ, ಬೀಜದ ನೆಂಟಸ್ತನವನ್ನು ಹಿಗ್ಗಿಸುವುದು ಇದೆ. ಆ ಕೆಲಸವನ್ನು ಬೆಳೆ ಕೆಟ್ಟ ವರ್ಷದಲ್ಲಲ್ಲ, ಕಣ ತುಂಬಿದ ವರ್ಷದಲ್ಲಿಯೇ ಮಾಡಬೇಕು.