ಗೋಣಿತಾಟಿನ ಪಾಠ

ಇನ್ನು ಕೆಲವೇ ತಿಂಗಳಲ್ಲಿ ಮೇಷ್ಟ್ರುಗಳಾಗಲಿರುವ ಬಿ.ಎಡ್. ವಿದ್ಯಾರ್ಥಿಗಳೆ,

ಉಪನ್ಯಾಸಕ್ಕೆ ಕರೆದ ಕಾರ್ಯದರ್ಶಿಗಳು ಫೋನಿನಲ್ಲಿ ಹೇಳಿದ್ದು ಇಷ್ಟು: "ಮಾನವ ಹಕ್ಕು, ತಾರತಮ್ಯ ಇವನ್ನ ಮಕ್ಕಳಿಗೆ ಕಲಿಸೋಕೆ ಏನೇನು ಸಾಮಗ್ರಿ ಸಿಗುತ್ತೆ ಅಂತ ಹೇಳಿಬಿಡಿ ಸಾರ್. ಹುಡುಗರು ಬರಕೊಳ್ತಾರೆ." ಪೆನ್ನು ಹಿಡಿದು ಕೂತವರೂ ಇಲ್ಲಿ ಕಾಣುತ್ತಿದ್ದಾರೆ. ಸಾಮಗ್ರಿಗೇನೂ ಬರವಿಲ್ಲ. ನನ್ನ ಶಾಲೆಯ ಕಪಾಟಿನಲ್ಲಿ ಚಾರ್ಟುಗಳು ಸುರುಳಿ ಸುತ್ತಿಕೊಂಡು ನಿಂತಿರುತ್ತಿದ್ದವು. ತರಬೇತಿಗೆ ಹೋದಾಗಲೆಲ್ಲ ಒಂದೊಂದು ಕೈಪಿಡಿ ಕೊಟ್ಟು ಕಳಿಸುತ್ತಿದ್ದರು. ಅವನ್ನೆಲ್ಲ ಇಟ್ಟುಕೊಂಡೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಅವತ್ತು ಡಿಸೆಂಬರ್ 10, ಮಾನವ ಹಕ್ಕುಗಳ ದಿನ. ಒಂಬತ್ತನೇ ತರಗತಿ. ಚಾರ್ಟು ತೂಗುಹಾಕಿ, ಅಸ್ಪೃಶ್ಯತೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಕೊನೆಗೆ ಕೇಳಿದೆ: "ನಿಮ್ಮಲ್ಲಿ ಯಾರಿಗಾದರೂ ಇಂಥ ಅನುಭವ ಆಗಿದೆಯೇನ್ರೋ?" ಯಾರೂ ಕೈ ಎತ್ತಲಿಲ್ಲ. ಮೂರನೇ ಬೆಂಚಿನ ಹುಡುಗನೊಬ್ಬನ ಕಡೆ ನೋಡಿ "ನೀನು ಹೇಳಪ್ಪ" ಎಂದೆ. ಅವನು ಎದ್ದು ನಿಂತ. ನೆಲ ನೋಡುತ್ತ "ಇಲ್ಲ ಸಾರ್" ಎಂದ. ಹಿಂದೆ ಯಾರೋ ಕಿಸಕ್ಕೆಂದರು. ಮರುದಿನ ಅವನು ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಅವನು ಯಾವ ಕೇರಿಯ ಹುಡುಗ ಎಂಬುದು ಅಲ್ಲಿಯವರೆಗೆ ಅರ್ಧ ತರಗತಿಗೆ ಗೊತ್ತಿರಲಿಲ್ಲ. ಡಂಗುರ ಸಾರಿದವನು ನಾನೇ, ಅದೂ ಸಮಾನತೆಯ ಪಾಠ ಮಾಡುತ್ತ.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳಬೇಕಾದದ್ದು ಇದು: ನೊಂದ ಮಗು ಪಾಠೋಪಕರಣವಾಗಬಾರದು.

ಮೇಷ್ಟ್ರುಗಳ ತರಬೇತಿಯಲ್ಲಿ ಅಮೆರಿಕದ ಒಂದು ಪ್ರಯೋಗದ ಮಾತು ಆಗಾಗ ಬರುತ್ತದೆ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಜೇನ್ ಎಲಿಯಟ್ ಎಂಬ ಶಿಕ್ಷಕಿ ತನ್ನ ಮೂರನೇ ತರಗತಿಯನ್ನು ಕಣ್ಣಿನ ಬಣ್ಣದ ಮೇಲೆ ಎರಡು ಮಾಡಿದಳು. ಒಂದು ದಿನ ನೀಲಿ ಕಣ್ಣಿನವರು ಕೀಳು, ಇನ್ನೊಂದು ದಿನ ಕಂದು ಕಣ್ಣಿನವರು. ಧೈರ್ಯದ ಹೆಂಗಸು, ಅನುಮಾನವಿಲ್ಲ. ಆದರೆ ಆ ತರಗತಿಯ ಮಕ್ಕಳೆಲ್ಲ ಬಿಳಿಯರು. ತಾರತಮ್ಯ ಹೇಗಿರುತ್ತದೆಂದು ಗೊತ್ತಿಲ್ಲದ ಮಕ್ಕಳಿಗೆ ಅದರ ಒಂದು ದಿನದ ರುಚಿ ತೋರಿಸಿದ್ದು ಅದು. ನಮ್ಮ ಸರ್ಕಾರಿ ಶಾಲೆಯಲ್ಲಿ ಆ ರುಚಿಯನ್ನು ಹುಟ್ಟಿದಾಗಿನಿಂದ ಉಂಡ ಮಕ್ಕಳು ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ಅವರಿಗೆ ಆಟವಾಗಿ ಮತ್ತೊಮ್ಮೆ ಉಣಿಸುವ ಅಗತ್ಯವೇನಿದೆ? ಇದನ್ನು ಇಲ್ಲಿ ನಕಲು ಮಾಡಬೇಡಿ ಎಂದೇ ನನ್ನ ಸಲಹೆ.

ಹಾಗಾದರೆ ಏನು ಮಾಡುವುದು? ಆ ಹುಡುಗನ ಘಟನೆಯಾದ ಮೇಲೆ ನಾನು ಹುಡುಕುತ್ತಿದ್ದದ್ದು ನನಗೂ ಮಕ್ಕಳಿಗೂ ನಡುವೆ ಇಡಬಹುದಾದ ಒಂದು ಕಥೆಯನ್ನು. ಎಲ್ಲರೂ ಅದನ್ನು ನೋಡಬೇಕು, ಯಾರೂ ಯಾರ ಮುಖವನ್ನೂ ನೋಡಬಾರದು. ಸಿಕ್ಕಿದ್ದು ಅಂಬೇಡ್ಕರರ ಒಂದು ಸಣ್ಣ ಬರಹ. ಇಂಗ್ಲಿಷಿನಲ್ಲಿ 'ವೇಟಿಂಗ್ ಫಾರ್ ಎ ವೀಸಾ' ಎಂಬ ಹೆಸರು. 1935-36ರ ಹೊತ್ತಿಗೆ ಬರೆದದ್ದು, ಪುಸ್ತಕವಾಗಿ ಬಂದದ್ದು 1990ರಲ್ಲಿ. ಅಸ್ಪೃಶ್ಯತೆ ಎಂದರೆ ಏನೆಂದು ತಿಳಿಯದ ವಿದೇಶೀಯರಿಗಾಗಿ ಬರೆದ ಬರಹವಾದ್ದರಿಂದ ಅದರಲ್ಲಿ ಭಾಷಣವಿಲ್ಲ, ಸಿಟ್ಟಿನ ವಿಶೇಷಣಗಳಿಲ್ಲ. ಏನು ನಡೆಯಿತೋ ಅಷ್ಟೇ ಇದೆ. ಹದಿಮೂರು ಹದಿನಾಲ್ಕು ವಯಸ್ಸಿನವರಿಗೆ ಇದಕ್ಕಿಂತ ಹೊಂದುವ ಗದ್ಯ ನನಗೆ ಸಿಕ್ಕಿಲ್ಲ.

1901ನೇ ಇಸವಿ. ಭೀಮನಿಗೆ, ಅಂದರೆ ಬಾಲಕ ಅಂಬೇಡ್ಕರರಿಗೆ, ಒಂಬತ್ತು ವರ್ಷ. ತಂದೆ ಕೋರೆಗಾಂವದಲ್ಲಿ ಕ್ಯಾಷಿಯರ್. ರಜೆಗೆ ಬನ್ನಿ ಎಂದು ಪತ್ರ ಬರುತ್ತದೆ. ಭೀಮನಿಗೂ ಜೊತೆಗಿದ್ದ ಹುಡುಗರಿಗೂ ಹೊಸ ಅಂಗಿ, ಜರಿ ಟೋಪಿ. ಸತಾರಾದಿಂದ ರೈಲಿನಲ್ಲಿ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಕರೆದೊಯ್ಯಲು ಯಾರೂ ಬಂದಿಲ್ಲ. ಬಟ್ಟೆಬರೆ ನೋಡಿ ಬ್ರಾಹ್ಮಣರ ಮಕ್ಕಳೆಂದುಕೊಂಡ ಸ್ಟೇಷನ್ ಮಾಸ್ಟರು ಅಕ್ಕರೆಯಿಂದ ವಿಚಾರಿಸುತ್ತಾನೆ. ತಾವು ಅಸ್ಪೃಶ್ಯರೆನಿಸಿದ ಮಹಾರರು ಎಂದು ಹುಡುಗರು ಹೇಳಿದ ಕ್ಷಣಕ್ಕೆ ಮುಖ ಬದಲಾಗುತ್ತದೆ. ಎತ್ತಿನ ಗಾಡಿಯವರು ಯಾರೂ ಒಪ್ಪುವುದಿಲ್ಲ. ಕೊನೆಗೊಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪುತ್ತಾನೆ, ಆದರೆ ಗಾಡಿಯನ್ನು ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತಾನಂತೆ. ದಾರಿಯಲ್ಲಿ ಬುತ್ತಿ ಬಿಚ್ಚಿದರೆ ಕುಡಿಯಲು ನೀರಿಲ್ಲ. ಸಿಕ್ಕ ನೀರು ಕೆಸರು, ಸಗಣಿ. ರಾತ್ರಿ ಸುಂಕದ ಕಟ್ಟೆಯಲ್ಲಿ ಮುಸಲ್ಮಾನರೆಂದು ಹೇಳಿಕೊಂಡು ಕೇಳಿದರೂ ನೀರು ಸಿಗುವುದಿಲ್ಲ. ಅನ್ನವಿದ್ದೂ ಉಪವಾಸ ಮಲಗುತ್ತಾರೆ.

ಈಗ ಒಂದು ವಿವರ ಕೇಳಿ. ನಾನು ನಾಲ್ಕೈದು ವರ್ಷ ಇದನ್ನು ಪಾಠ ಮಾಡಿದ ಮೇಲೆ ಕಣ್ಣಿಗೆ ಬಿದ್ದದ್ದು. ತಂದೆ ಕ್ಯಾಷಿಯರ್ ಆಗಿದ್ದದ್ದು ಎಲ್ಲಿ? ಬರಗಾಲದಲ್ಲಿ ಜನರಿಗೆ ಕೂಲಿ ಕೊಡಲು ಮುಂಬೈ ಸರ್ಕಾರ ಕೆರೆ ತೋಡಿಸುತ್ತಿತ್ತಲ್ಲ, ಅಲ್ಲಿ. ಅಪ್ಪ ಕೆರೆಯ ಲೆಕ್ಕ ಬರೆಯುತ್ತಿದ್ದಾನೆ, ಮಗನಿಗೆ ಗುಟುಕು ನೀರಿಲ್ಲ. ಅಂಬೇಡ್ಕರ್ ಇದಕ್ಕೆ ಅಡಿಗೆರೆ ಎಳೆಯುವುದಿಲ್ಲ, ಸುಮ್ಮನೆ ಹೇಳಿ ಮುಂದೆ ಹೋಗುತ್ತಾರೆ. ನೀವೂ ಹೇಳಬೇಡಿ. ಮಕ್ಕಳೇ ಒಂದು ದಿನ ಹಿಡಿಯುತ್ತಾರೆ.

ಅದೇ ಬರಹದಲ್ಲಿ ಸತಾರಾದ ಶಾಲೆಯ ಗೋಣಿತಾಟು ಬರುತ್ತದೆ. ಹುಡುಗ ತರಗತಿಯಲ್ಲಿ ಬೇರೆಯೇ ಕೂರಬೇಕು, ಗೋಣಿತಾಟಿನ ಮೇಲೆ. ಕಸ ಗುಡಿಸುವವನು ಅದನ್ನು ಮುಟ್ಟುವುದಿಲ್ಲವಾದ್ದರಿಂದ ಸಂಜೆ ಮನೆಗೆ ಹೊತ್ತೊಯ್ದು ಬೆಳಗ್ಗೆ ಹೊತ್ತು ತರಬೇಕು. ಬಾಯಾರಿದರೆ ನಲ್ಲಿ ತಾನೇ ತಿರುಗಿಸುವಂತಿಲ್ಲ. ಜವಾನ ಬಂದು ತಿರುಗಿಸಬೇಕು, ಅವನಿಲ್ಲದಿದ್ದರೆ ಇಲ್ಲ. ಒಮ್ಮೆ ನಾನು ಒಂದು ಗೋಣಿಚೀಲವನ್ನು ಬಿಚ್ಚಿ ಮೇಜಿನ ಮೇಲೆ ಹಾಸಿ ಸುಮ್ಮನೆ ನಿಂತೆ. ಯಾರನ್ನೂ ಅದರ ಮೇಲೆ ಕೂರಿಸಲಿಲ್ಲ. ಒಬ್ಬ ಹುಡುಗಿ ಕೇಳಿದ್ದು, "ಮಳೆಗಾಲದಲ್ಲಿ ಏನು ಮಾಡ್ತಿದ್ರು ಸಾರ್? ಅದು ನೆಂದುಹೋಗಲ್ವಾ?" ನನ್ನ ಚಾರ್ಟುಗಳಲ್ಲಿ ಒಂದೂ ಇಂಥ ಪ್ರಶ್ನೆ ಹುಟ್ಟಿಸಿರಲಿಲ್ಲ.

ಪ್ರಶ್ನೆ ಕೇಳುವುದರಲ್ಲೂ ಎಚ್ಚರ ಬೇಕು. "ನೀನು ಸ್ಟೇಷನ್ ಮಾಸ್ಟರ್ ಆಗಿದ್ದರೆ ಏನು ಮಾಡ್ತಿದ್ದೆ?" ಎಂದರೆ ನಲವತ್ತು ಮಕ್ಕಳೂ "ನೀರು ಕೊಡ್ತಿದ್ದೆ ಸಾರ್" ಎನ್ನುತ್ತಾರೆ. ಎಲ್ಲರೂ ಒಳ್ಳೆಯವರಾಗಿ ಗಂಟೆ ಹೊಡೆಯುತ್ತದೆ. ಗಾಡಿಯವನ ಬಗ್ಗೆ ಕೇಳಿ. ದುಪ್ಪಟ್ಟು ದುಡ್ಡು ತಗೊಂಡ, ನೀರು ಎಲ್ಲಿ ಸಿಗಬಹುದೆಂದು ದಾರಿಯನ್ನೂ ತೋರಿಸಿದ, ಅವನು ಕೆಟ್ಟವನೋ ಒಳ್ಳೆಯವನೋ? ಆಗ ತರಗತಿ ಎರಡಾಗುತ್ತದೆ. ಪಕ್ಕದ ಮನೆಯ ದೊಡ್ಡಪ್ಪ ನೆನಪಾಗುತ್ತಾನೆ. ಸ್ವಂತ ಅನುಭವ ಹೇಳುವವರು ತಾವಾಗಿಯೇ ಹೇಳುತ್ತಾರೆ, ಬಹುಪಾಲು ತರಗತಿಯ ಹೊರಗೆ, ಸೈಕಲ್ ತಳ್ಳುತ್ತ ಹೋಗುವಾಗ.

ಎರಡನೆಯ ಸಾಮಗ್ರಿ ಸಂವಿಧಾನ. 2023ರಿಂದ ನಮ್ಮ ಶಾಲೆಗಳಲ್ಲಿ ಪೀಠಿಕೆ ಓದಿಸುತ್ತಾರೆ, ಒಳ್ಳೆಯದೇ. ಆದರೆ ಅದು ಪ್ರಾರ್ಥನೆಯ ಹಾಗೆ ರಾಗವಾಗಿ ಬಾಯಿಂದ ಹೊರಬಿದ್ದು ಹೋಗುವುದನ್ನು ನೀವೂ ಕೇಳಿದ್ದೀರಿ. ನಾನು ಪೀಠಿಕೆ ಬಿಟ್ಟು 15ನೇ ವಿಧಿಗೆ ಹೋಗುತ್ತಿದ್ದೆ. ಅದರ ಎರಡನೇ ಖಂಡದಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಹೆಸರು ಹಿಡಿದು ಹೇಳಿದೆ. ಒಂದು ದೇಶದ ಸಂವಿಧಾನಕ್ಕೆ ಬಾವಿಯ ಉಸಾಬರಿ ಯಾಕೆ ಬಂತು? ಈ ಒಂದು ಪ್ರಶ್ನೆಗೆ ಎರಡು ಪೀರಿಯಡ್ ಸಾಲುವುದಿಲ್ಲ. ಮಹಾರಾಷ್ಟ್ರದ ಮಹಾಡಿನ ಚವದಾರ್ ಕೆರೆಗೆ ಹೋಗಬೇಕಾಗುತ್ತದೆ. ಸಾರ್ವಜನಿಕ ನೀರು ಎಲ್ಲರಿಗೂ ಸೇರಿದ್ದೆಂದು ಮುಂಬೈ ಶಾಸನ ಪರಿಷತ್ತು 1923ರಲ್ಲಿ ನಿರ್ಣಯಿಸಿತು, ಮಹಾಡಿನ ಪುರಸಭೆ 1924ರಲ್ಲಿ ಒಪ್ಪಿತು. ಆದರೂ 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆ ನೀರು ಎತ್ತುವವರೆಗೆ ಆ ಕಾಗದಕ್ಕೆ ಜೀವವಿರಲಿಲ್ಲ. ಅವತ್ತೇ ಹಲ್ಲೆಯಾಯಿತು, ಆಮೇಲೆ ಮೇಲ್ಜಾತಿಯವರು ಕೆರೆಯನ್ನು 'ಶುದ್ಧಿ' ಮಾಡಿದರು, ವ್ಯಾಜ್ಯ ಹೂಡಿದರು. ಮುಂಬೈ ಹೈಕೋರ್ಟಿನ ತೀರ್ಪು ಬಂದದ್ದು 1937ರಲ್ಲಿ. ಬೊಗಸೆ ನೀರಿಗೆ ಹತ್ತು ವರ್ಷ. ಮಸೂರಿನ ಬಾಯಾರಿದ ಹುಡುಗನೇ ಮುಂದೆ ಕರಡು ಸಮಿತಿಯ ಅಧ್ಯಕ್ಷನಾದದ್ದು ಗೊತ್ತಾದಾಗ ಮಕ್ಕಳಿಗೆ 'ವಿಧಿ' ಎಂಬ ಪದ ಹೆದರಿಸುವುದಿಲ್ಲ.

ಹೆಣ್ಣುಮಕ್ಕಳಿರುವ ತರಗತಿಯಲ್ಲಿ ಇನ್ನೊಂದು ಕಥೆ ಚೆನ್ನಾಗಿ ಓಡುತ್ತದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ ಹುಟ್ಟಿನಿಂದ ಸ್ವತಂತ್ರರು ಎಂದಿದ್ದದ್ದು ಗಂಡಸರನ್ನು ಸೂಚಿಸುವ ಇಂಗ್ಲಿಷ್ ಪದದಲ್ಲಿ. ಅದು ಮನುಷ್ಯರೆಲ್ಲರು ಎಂದಾಗಲು ಹಟ ಹಿಡಿದವರು ಭಾರತದ ಪ್ರತಿನಿಧಿಯಾಗಿದ್ದ ನಮ್ಮ ಹಂಸಾ ಮೆಹ್ತಾ. ಪದ ಬದಲಾಯಿತು. 1948ರ ಡಿಸೆಂಬರ್ 10ರಂದು ಘೋಷಣೆ ಅಂಗೀಕಾರವಾಯಿತು. ತಮಾಷೆಯೆಂದರೆ ಅದೇ ವಿಧಿಯ ಕೊನೆಯಲ್ಲಿ ಸೋದರಭಾವ ಹಾಗೇ ಉಳಿದುಕೊಂಡಿತು. "ಅಣ್ಣತಮ್ಮಂದಿರು ಮಾತ್ರವಾ ಸಾರ್, ಅಕ್ಕತಂಗಿಯರು?" ಎಂದು ಒಬ್ಬ ಹುಡುಗಿಯಾದರೂ ಕೇಳುತ್ತಾಳೆ. ಕೇಳದಿದ್ದರೆ ನಿಮ್ಮ ಪಾಠ ಇನ್ನೂ ಮುಗಿದಿಲ್ಲ ಎಂದುಕೊಳ್ಳಿ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಶಿಕ್ಷಣ ಹಕ್ಕು ಕಾಯಿದೆಯ 17ನೇ ಪ್ರಕರಣ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. ಮೊದಲು ಸ್ಟಾಫ್ ರೂಮಿನಲ್ಲಿ ಓದಿ, ಆಮೇಲೆ ತರಗತಿಯಲ್ಲಿ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲಿರಲಿ, ಹೆಡ್‌ಮಾಸ್ಟರ ಕೊಠಡಿಯೊಳಗೆ ಬೇಡ.

ಇನ್ನು ದುಡ್ಡಿಲ್ಲದೆ ಸಿಗುವ ಸಾಮಗ್ರಿ ನಿಮ್ಮ ಶಾಲೆಯೇ. ದಾಖಲಾತಿ ಅರ್ಜಿಯ 'ತಂದೆಯ ಹೆಸರು' ಎಂಬ ಕಲಂ ನೋಡಿ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯಿದೆ ನಮ್ಮ ರಾಜ್ಯದಲ್ಲಿ 1982ರಲ್ಲೇ ಆಯಿತು. ದೇವದಾಸಿ ತಾಯಂದಿರ ಮಕ್ಕಳು ಮಾತ್ರ ಆ ಖಾಲಿ ಗೆರೆಯ ಮುಂದೆ ತಲೆತಗ್ಗಿಸಿ ನಿಂತದ್ದು ಎಷ್ಟು ವರ್ಷ! ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಆದೇಶಿಸಿತು. ಅದನ್ನು ಒಪ್ಪದ ಊರುಗಳಲ್ಲಿ ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದ ಸುದ್ದಿಯನ್ನು ನೀವೂ ಓದಿರುತ್ತೀರಿ. ಡಬ್ಬಿ ತರುವ ಮಗುವನ್ನು ಗದರಿಸಿ ಪ್ರಯೋಜನವಿಲ್ಲ. ತಟ್ಟೆ ಹಿಡಿದು ಪಂಕ್ತಿಯಲ್ಲಿ ಮೇಷ್ಟ್ರು ಮೊದಲು ಕೂರಬೇಕು, ದಿನವೂ ಕೂರಬೇಕು.

ಶಾಲೆಯಲ್ಲೇ ಸಿಗುವ ಇನ್ನೊಂದು ಸಾಮಗ್ರಿ ಕಸಬರಿಗೆ. ಅಂಬೇಡ್ಕರರ ಗೋಣಿತಾಟಿನ ಪಾಠ ಮುಗಿದ ವಾರ ಒಂದು ನೋಟ್‌ಬುಕ್ಕಿನಲ್ಲಿ ನಾನೇ ಗುಟ್ಟಾಗಿ ಬರೆದಿಟ್ಟೆ: ಈ ತಿಂಗಳು ತರಗತಿ ಗುಡಿಸಿದವರು ಯಾರು, ಶೌಚಾಲಯಕ್ಕೆ ನೀರು ಹೊತ್ತವರು ಯಾರು, ನನಗೆ ಕುಡಿಯಲು ನೀರು ತಂದುಕೊಟ್ಟವರು ಯಾರು. ಹೆಸರುಗಳು ತಾವಾಗಿಯೇ ಮೂರು ಗುಂಪಾಗಿದ್ದವು. ಗುಡಿಸಿದವರಲ್ಲಿ ಹುಡುಗಿಯರೇ ಹೆಚ್ಚು. ಶೌಚಾಲಯಕ್ಕೆ ಹೊತ್ತವರು ಒಂದೇ ಕೇರಿಯವರು. ನನ್ನ ಲೋಟ ತುಂಬಿದವರಲ್ಲಿ ಆ ಕೇರಿಯ ಒಂದು ಹೆಸರೂ ಇರಲಿಲ್ಲ. ಯಾರನ್ನೂ ನಾನು ಹೀಗೆ ನೇಮಿಸಿರಲಿಲ್ಲ. ನಾನು ಮಾಡಿದ್ದು ನೋಡದೆ ಇದ್ದದ್ದು, ಅಷ್ಟೇ. ಮರುವಾರದಿಂದ ಹಾಜರಿ ಪುಸ್ತಕದ ಅನುಕ್ರಮದಲ್ಲಿ ಪಾಳಿ ಹಾಕಿದೆ, ನನ್ನ ಹೆಸರನ್ನೂ ಸೇರಿಸಿ. ಇಬ್ಬರು ಪೋಷಕರು ಜಗಳಕ್ಕೆ ಬಂದರು. ಪಾಳಿ ನಿಲ್ಲಲಿಲ್ಲ.

ಅಂಬೇಡ್ಕರರ ಬರಹಗಳು ಕನ್ನಡದಲ್ಲಿ ಸರ್ಕಾರದಿಂದಲೇ ಸಂಪುಟಗಳಾಗಿ ಬಂದಿವೆ. ಎಷ್ಟೋ ಗ್ರಂಥಾಲಯಗಳಲ್ಲಿ ಅವು ಬೀಗ ಹಾಕಿದ ಕಪಾಟಿನಲ್ಲಿವೆ, ಬೀಗ ತೆಗೆಸಿ. ನಿಮ್ಮಲ್ಲಿ ಹಲವರಿಗೆ ಸೋಮವಾರದಿಂದ ಪಾಠಾಭ್ಯಾಸ ಶುರುವಂತೆ. ಕೊಟ್ಟ ಶಾಲೆಗೆ ಹೋದ ಮೊದಲ ದಿನ ಪ್ರಾರ್ಥನೆಗೆ ಹದಿನೈದು ನಿಮಿಷ ಮುಂಚೆ ಹೋಗಿ, ಕಸಬರಿಗೆ ಯಾರ ಕೈಯಲ್ಲಿದೆ ನೋಡಿ.