ಅಪ್ಪನ ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕ್

(ಪ್ರಸಾರವಾದ ಭಾಷಣದ ಬರಹರೂಪ)



ನಮ್ಮ ಮನೆಯ ಹಜಾರದ ಮೂಲೆಯಲ್ಲಿ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. 2013ರಲ್ಲಿ ಅಪ್ಪ ನಿವೃತ್ತರಾದಾಗ ಕೊಂಡದ್ದು. ಅಪ್ಪ ಹುಬ್ಬಳ್ಳಿಯವರು, ರೈಲ್ವೆಯವರು. 1966ರಲ್ಲಿ ಸಿಕಂದರಾಬಾದನ್ನು ಕೇಂದ್ರವಾಗಿಟ್ಟುಕೊಂಡು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಹುಬ್ಬಳ್ಳಿ ವಿಭಾಗವೂ ಅದರೊಳಗೇ ಇತ್ತು. 2003ರಲ್ಲಿ ನೈಋತ್ಯ ರೈಲ್ವೆ ಬರುವವರೆಗೂ ಹಾಗೆಯೇ ಇತ್ತು. ಹಾಗೆ ವರ್ಗವಾಗಿ ಬಂದು ಇಲ್ಲಿಯೇ ನೆಲೆನಿಂತ ಮನೆ ನಮ್ಮದು. ಈ ಮಾತು ಕೇಳುತ್ತಿರುವ ನಿಮ್ಮಲ್ಲಿಯೂ ಅಂಥವರು ಇರಬಹುದು.

ನಿವೃತ್ತಿಯಾದ ಮೇಲೆ ಅಪ್ಪ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಕಲಿತರು. ತಮ್ಮ ಸರ್ವೀಸಿನ ನೆನಪುಗಳನ್ನು ದಿನಕ್ಕೊಂದು ಪುಟದಂತೆ ಟೈಪು ಮಾಡತೊಡಗಿದರು. ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಕಂಪ್ಯೂಟರ್ ನಿಧಾನವಾಯಿತು. ಸ್ವಿಚ್ ಒತ್ತಿ, ಚಹಾ ಮಾಡಿ ಕುಡಿದು ಬಂದರೂ ಪರದೆ ಸಿದ್ಧವಾಗುತ್ತಿರಲಿಲ್ಲ. ಕಡತ ತೆರೆಯುವಷ್ಟರಲ್ಲಿ ಬರೆಯಬೇಕೆಂದಿದ್ದ ಮಾತೇ ಮರೆತುಹೋಗುತ್ತಿತ್ತು. ಕೊನೆಗೆ ಅಪ್ಪ ಬರೆಯುವುದನ್ನೇ ಬಿಟ್ಟರು. "ಇದಕ್ಕೂ ನನ್ನ ಹಂಗ ವಯಸ್ಸಾತು, ಬಿಡವ್ವಾ. ಗುಜರಿಗೆ ಹಾಕಿಬಿಡು" ಅಂದರು.

ಆ ಮಾತು ನನಗೆ ಸರಿಕಾಣಲಿಲ್ಲ. 2025ರ ದೀಪಾವಳಿ ರಜೆಯಲ್ಲಿ ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋದೆ. ಕಂಪ್ಯೂಟರ್ ಅಂಗಡಿಗಳೇ ತುಂಬಿರುವ ಆ ಕಟ್ಟಡ ನಿಮಗೆ ಗೊತ್ತೇ ಇದೆ. ಅಲ್ಲಿ ಒಬ್ಬ ಹುಡುಗ ಮುಚ್ಚಳ ತೆಗೆದು ನೋಡಿ, "ಮೇಡಂ, ಮಷೀನು ಚೆನ್ನಾಗಿದೆ, ಡಿಸ್ಕ್ ಮಾತ್ರ ಸೋತಿದೆ" ಎಂದು ತೆಲುಗಿನಲ್ಲಿ ಹೇಳಿದ.

ಇದರ ಗುಟ್ಟು ಇಷ್ಟೇ. ಹಳೆಯ ಹಾರ್ಡ್ ಡಿಸ್ಕಿನೊಳಗೆ ಒಂದು ತಟ್ಟೆ ತಿರುಗುತ್ತಿರುತ್ತದೆ, ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು. ಅದರ ಮೇಲೆ ಪುಟ್ಟದೊಂದು ತೋಳು ಅತ್ತಿತ್ತ ಓಡಾಡಿ ಬೇಕಾದ ಜಾಗ ಹುಡುಕುತ್ತದೆ. ಗ್ರಾಮಫೋನ್ ತಟ್ಟೆಯಲ್ಲಿ ಬೇಕಾದ ಹಾಡಿಗೆ ಮುಳ್ಳನ್ನು ಎತ್ತಿಡುವ ಹಾಗೆ. ಒಂದು ಸಲ ಹುಡುಕಲು ಸೆಕೆಂಡಿನ ನೂರನೇ ಒಂದು ಭಾಗ ಬೇಕು. ಅದೇನು ಮಹಾ ಎನ್ನಬೇಡಿ. ಕಂಪ್ಯೂಟರ್ ಏಳುವಾಗ ಸಾವಿರಾರು ಸಣ್ಣ ಕಡತಗಳನ್ನು ಹೀಗೆ ಹುಡುಕಬೇಕು. ಎಸ್.ಎಸ್.ಡಿ. ಎನ್ನುವ ಸಾಲಿಡ್ ಸ್ಟೇಟ್ ಡ್ರೈವಿನಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ತೋಳೂ ಇಲ್ಲ. ಎಲ್ಲವೂ ಚಿಪ್ಪುಗಳಲ್ಲಿ. ಹುಡುಕುವ ಕೆಲಸ ಅಲ್ಲಿ ನೂರು ಪಟ್ಟು ಬೇಗ ಮುಗಿಯುತ್ತದೆ.

ಕೊಳ್ಳುವಾಗ ಒಂದು ವಿಷಯ ಗಮನಿಸಿ. ಹಳೆಯ ಯಂತ್ರಕ್ಕೆ ಬೇಕಾದದ್ದು 2.5 ಇಂಚಿನ 'ಸಾಟಾ' ಬಗೆಯ ಎಸ್.ಎಸ್.ಡಿ. ಎನ್.ವಿ.ಎಂ.ಇ. ಎಂಬ ಇನ್ನೂ ವೇಗದ ಪಟ್ಟಿಯಾಕಾರದ ಬಗೆಗೆ ಹಳೆಯ ಮದರ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ಬರವಣಿಗೆ, ಲೆಕ್ಕಪತ್ರಗಳಿಗೆ 256 ಜಿ.ಬಿ. ಧಾರಾಳ ಸಾಕು. ದರ ಏರಿಳಿಯುತ್ತಿರುತ್ತದೆ, ಎರಡು ಮೂರು ಅಂಗಡಿ ವಿಚಾರಿಸಿ.

ಇನ್ನೊಂದು ಪ್ರಶ್ನೆ ಬಂತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಅಪ್ಪನ ಯಂತ್ರ ವಿಂಡೋಸ್ 11ರ ನಿಯಮಗಳಿಗೆ ಹೊಂದುವಂಥದ್ದಲ್ಲ. ಆದ್ದರಿಂದ ಹಣ ಕೊಡಬೇಕಿಲ್ಲದ ಲಿನಕ್ಸ್ ಹಾಕಿಸಿದೆ. ಹಳೆಯ ಡಿಸ್ಕನ್ನು ಅಳಿಸದೆ ಹಾಗೆಯೇ ಪಕ್ಕದಲ್ಲಿ ಜೋಡಿಸಿದರು.

ಮನೆಗೆ ಬಂದು ಸ್ವಿಚ್ ಒತ್ತಿದೆವು. ಅರ್ಧ ನಿಮಿಷದೊಳಗೆ ಪರದೆ ಸಿದ್ಧ. ಅಪ್ಪ ನಕ್ಕರು. ತಮ್ಮ ಕಡತ ತೆರೆದರು. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು! ಕನ್ನಡ ಒಂದಕ್ಷರವೂ ಇಲ್ಲ. "ಎಲ್ಲಾ ಹೋತು" ಎಂದು ಅಪ್ಪ ಕುರ್ಚಿಯಿಂದ ಎದ್ದರು. ಅವರ ಮುಖ ನೋಡಿ ನನಗೆ ಕೈಕಾಲು ಆಡಲಿಲ್ಲ.

ತಪ್ಪು ನನ್ನದೇ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದಿದ್ದರೆ ಕನ್ನಡ ಕಾಣದು. ಹೊಸ ಡಿಸ್ಕಿಗೆ ಅದನ್ನು ಹಾಕುವುದನ್ನು ನಾನು ಮರೆತಿದ್ದೆ. ಹಳೆಯ ಡಿಸ್ಕಿನಿಂದ ಹುಡುಕಿ ಹಾಕಿದ ಕೂಡಲೆ ಅಕ್ಷರಗಳು ಮರಳಿ ಬಂದವು. ಹಳೆಯ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರೆ? ಯೋಚಿಸಲೂ ಭಯವಾಗುತ್ತದೆ. ಆಮೇಲೆ ಪರಿವರ್ತಕ ತಂತ್ರಾಂಶ ಬಳಸಿ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿದೆವು. ಲಿನಕ್ಸಿನಲ್ಲಿಯೂ ಅದೇ ಕಗಪ ಕೀಲಿಮಣೆ ಸಿಗುವುದರಿಂದ ಅಪ್ಪನ ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ.

ಆದ್ದರಿಂದ ಕೇಳುಗರಲ್ಲಿ ನನ್ನ ವಿನಂತಿ. ಮೊದಲು ನಿಮ್ಮ ಕಡತಗಳನ್ನೂ ಫಾಂಟುಗಳನ್ನೂ ಎರಡು ಕಡೆ ನಕಲು ಮಾಡಿಕೊಳ್ಳಿ. ಆ ನಕಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಕನ್ನಡ ಕಾಣುತ್ತದೆಯೇ ಎಂದು ನೋಡಿ. ಆಮೇಲೆಯೇ ಅಂಗಡಿಗೆ ಹೋಗಿ. ಯಾರಾದರೂ "ಫಾರ್ಮ್ಯಾಟ್ ಮಾಡಲೇ?" ಎಂದರೆ ಅವಸರದಲ್ಲಿ ಹೂಂ ಅನ್ನಬೇಡಿ. ಎಸ್.ಎಸ್.ಡಿ. ಬಂತೆಂದು ನಕಲು ಮಾಡುವುದನ್ನು ನಿಲ್ಲಿಸಲೂಬೇಡಿ. ಹಳೆಯ ಡಿಸ್ಕ್ ಎಷ್ಟೋ ಸಲ ಕಟಕಟ ಸದ್ದು ಮಾಡಿ ಎಚ್ಚರಿಸುತ್ತದೆ. ಇದು ಸದ್ದಿಲ್ಲದೆ ಒಮ್ಮೆಲೇ ಕೈಕೊಡಬಹುದು. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಕಪಾಟಿನಲ್ಲಿಟ್ಟರೂ ಮಾಹಿತಿ ಅಳಿಯುವ ಅಪಾಯವಿದೆ.

ನಿಧಾನವಾದದ್ದನ್ನೆಲ್ಲ ಗುಜರಿಗೆ ಹಾಕಬೇಕಿಲ್ಲ. ಎಲ್ಲಿ ತೊಡಕಾಗಿದೆ ಎಂದು ಮುಚ್ಚಳ ತೆಗೆದು ನೋಡಿದರೆ ಎಷ್ಟೋ ಸಲ ಒಂದೇ ಭಾಗ ಬದಲಿಸಿದರೆ ಸಾಕಾಗುತ್ತದೆ. ಅಪ್ಪ ಈಗ ಮತ್ತೆ ಬೆಳಿಗ್ಗೆ ಬರೆಯಲು ಕೂರುತ್ತಾರೆ. ಹುಬ್ಬಳ್ಳಿಯಿಂದ ಹೊರಟ ಅವರ ಕಥೆ ನಿನ್ನೆಗೆ ಗುಂತಕಲ್ ದಾಟಿದೆ. ಸಿಕಂದರಾಬಾದ್ ಇನ್ನೂ ದೂರವಿದೆ. ಅವಸರವಿಲ್ಲ, ಬರೆಯಲಿ.