ಕೈ ಬಿಟ್ಟರೂ ಕೈಮೀರದ ಬಂಡಿ

(ಬಾನುಲಿ ಭಾಷಣ)

ಕನ್ನಡದಲ್ಲಿ ಅಂಕೆಯ ಮಾತೆಲ್ಲ ಬಹುಮಟ್ಟಿಗೆ ಕೈಯ ಮಾತು. ಒಂದು ವಸ್ತು ನಾವು ಹೇಳಿದಂತೆ ಕೇಳುತ್ತಿದ್ದರೆ ಅದು ನಮ್ಮ 'ಹಿಡಿತ'ದಲ್ಲಿದೆ ಎನ್ನುತ್ತೇವೆ. ಕೇಳದಿದ್ದರೆ 'ಕೈಮೀರಿತು' ಎನ್ನುತ್ತೇವೆ. ನೆರವಾದವರು 'ಕೈಹಿಡಿದ'ವರು, ಆಗದವರು 'ಕೈಬಿಟ್ಟ'ವರು. ಯಂತ್ರಗಳೇ ನಡೆಸುವ ದೊಡ್ಡ ಉದ್ಯಮಕ್ಕೂ ನಾವಿಟ್ಟ ಹೆಸರು 'ಕೈಗಾರಿಕೆ'. ಹೀಗಿರುವಾಗ, ಎರಡು ಕೈಗಳನ್ನೂ ಬಿಟ್ಟು ನಡೆಸುವ ಬಂಡಿಯೊಂದನ್ನು ಕಲ್ಪಿಸಿಕೊಳ್ಳಿ ಎಂದರೆ ನಮ್ಮ ನುಡಿಯೇ ಮೊದಲು ಅಡ್ಡ ಬರುತ್ತದೆ. ಕೈಬಿಟ್ಟ ಬಂಡಿ ಕೈಮೀರದೆ ಇರುವುದು ಹೇಗೆ? ಈ ಹೊತ್ತು ನಿಮ್ಮ ಮುಂದಿಡಬಯಸುವುದು ಈ ಒಂದು ಪ್ರಶ್ನೆಯನ್ನು.

ನಾನು ಹೇಳುತ್ತಿರುವ ಬಂಡಿ ಉದ್ಯಾನದಲ್ಲಿ ದುಡಿಯುವವರಿಗಾಗಿ ಇರುವಂಥದು. ಕೆಲಸಗಾರನು ಅದರ ಹಲಗೆಯ ಮೇಲೆ ನೆಟ್ಟಗೆ ನಿಂತಿರುತ್ತಾನೆ. ಗೊಬ್ಬರದ ಚೀಲ, ಸಸಿಯ ತಟ್ಟೆ, ಸವರಿದ ರೆಂಬೆ ಎಲ್ಲವೂ ಬಂಡಿಯ ಮೇಲೆಯೇ. ಹಿಡಿಯಲು ಚುಕ್ಕಾಣಿಯಿಲ್ಲ. ಮೈ, ಸೊಂಟ, ಪಾದ ಇವುಗಳಿಂದಲೇ ಬಂಡಿ ನಡೆಯಬೇಕು. ಕೈಗಳು ಗಿಡಬೇಲಿಯನ್ನು ಸವರಲು, ಔಷಧಿ ಸಿಂಪಡಿಸಲು, ಬಿದ್ದ ಕೊಂಬೆಯನ್ನು ಎತ್ತಿಕೊಳ್ಳಲು ಬಿಡುವಾಗಿರಬೇಕು. ಕನ್ನಡ ಪಾಠ ಹೇಳಿದವನಿಗೆ ಯಂತ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು. ಉಪಕರಣವೂ ಒಂದು ಬಗೆಯ ಬರವಣಿಗೆ. ಅದನ್ನು ರಚಿಸಿದವನು ಅದನ್ನು ಬಳಸುವವನನ್ನು ಏನೆಂದು ಭಾವಿಸಿದ್ದಾನೆ ಎಂಬುದನ್ನು ಅದರಲ್ಲಿ ಓದಿಕೊಳ್ಳಬಹುದು.

ಈ ಓದನ್ನು ಹುಲ್ಲು ಕತ್ತರಿಸುವ ಯಂತ್ರದಿಂದ ಆರಂಭಿಸೋಣ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ಸ್ಟ್ರೌಡ್ ಪ್ರದೇಶ ಉಣ್ಣೆಬಟ್ಟೆಯ ಗಿರಣಿಗಳಿಗೆ ಹೆಸರಾಗಿತ್ತು. ಬಟ್ಟೆಯ ಮೇಲಿನ ಎಳೆಗಳನ್ನು ಸಮನಾಗಿ ಕತ್ತರಿಸಲು ಅಲ್ಲಿ ಸುರುಳಿ ಅಲಗುಗಳ ಉರುಳೆಯೊಂದು ಬಳಕೆಯಲ್ಲಿತ್ತು. ಅದನ್ನು ಕಂಡ ಎಡ್ವಿನ್ ಬಡ್ಡಿಂಗ್ ಎಂಬಾತನು, ಬಟ್ಟೆಯ ಎಳೆಯನ್ನು ಕತ್ತರಿಸುವುದು ಹುಲ್ಲಿನ ಎಸಳನ್ನೇಕೆ ಕತ್ತರಿಸಬಾರದು ಎಂದು ಯೋಚಿಸಿ 1830ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದನು. ಅದನ್ನು ಹಿಂದಿನಿಂದ ಒಬ್ಬನು ತಳ್ಳಬೇಕಾಗಿತ್ತು. ಮುಂದಿನಿಂದ ಇನ್ನೊಬ್ಬನು ಎಳೆಯಲೂ ಒಂದು ಹಿಡಿಯಿತ್ತು. ಅಂದರೆ ನಾಲ್ಕು ಕೈಗಳು ಒಂದು ಯಂತ್ರಕ್ಕೆ ಕಟ್ಟುಬಿದ್ದವು. ಬಳಿಕ ಕುದುರೆ ಬಂದಿತು. ಗೊರಸಿನ ಗುರುತು ಹುಲ್ಲುಹಾಸಿನ ಮೇಲೆ ಬೀಳಬಾರದೆಂದು ಅದರ ಕಾಲುಗಳಿಗೆ ಚರ್ಮದ ಪಾದರಕ್ಷೆ ತೊಡಿಸಿದರು. 1893ರಲ್ಲಿ ಉಗಿ, 1902ರಲ್ಲಿ ಪೆಟ್ರೋಲು ಬಂದವು. ತಳ್ಳುವ ಶ್ರಮ ತಗ್ಗಿತು. ಹಿಡಿಯನ್ನು ಹಿಡಿದುಕೊಂಡೇ ಇರಬೇಕಾದ ಕಟ್ಟು ತಪ್ಪಲಿಲ್ಲ. ಮುಂದೆ ಕುಳಿತು ನಡೆಸುವ ಯಂತ್ರಗಳು, 1990ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡಿನ ರೈಟ್ ಸಂಸ್ಥೆಯಂಥವು ತಯಾರಿಸಿದ ನಿಂತು ನಡೆಸುವ ಯಂತ್ರಗಳು ಬಂದವು. ಅವುಗಳಲ್ಲೂ ಎರಡು ಕೈಗಳು ಎರಡು ಸನ್ನೆಗಳ ಮೇಲೆಯೇ ಇರುತ್ತವೆ.

ಕುಳಿತುಕೊಳ್ಳುವ ಸುಖವನ್ನು ಬಿಟ್ಟು ನಿಲ್ಲುವುದೇಕೆ ಎಂದರೆ, ಉದ್ಯಾನದ ಕೆಲಸ ಹೆಜ್ಜೆ ಹೆಜ್ಜೆಗೂ ಇಳಿದು ಹತ್ತುವ ಕೆಲಸ. ನಿಂತವನು ಒಂದೇ ಹೆಜ್ಜೆಗೆ ನೆಲಕ್ಕೆ ಇಳಿಯಬಲ್ಲ. ಬಂಡಿ ಮಗುಚುವಂತಾದರೆ ಹಿಂದಕ್ಕೆ ಹಾರಿಕೊಳ್ಳಬಲ್ಲ. ಅವನ ಕಣ್ಣು ಎತ್ತರದಲ್ಲಿದೆ. ನೆಲದ ಕುಲುಕಾಟವನ್ನು ಅವನ ಮಂಡಿಗಳು ತಾಳಿಕೊಳ್ಳುತ್ತವೆ, ಕುಳಿತವನಿಗೆ ಅದು ನೇರವಾಗಿ ಬೆನ್ನುಹುರಿಗೆ ತಾಗುತ್ತದೆ. ಆದರೆ ದಿನವೆಲ್ಲ ನಿಲ್ಲುವುದೂ ಶಿಕ್ಷೆಯೇ. ಆದ್ದರಿಂದ ಹಲಗೆಯ ಕೆಳಗೆ ಮೆತ್ತನೆಯ ಆಧಾರವೂ, ಬೇಕಾದಾಗ ಒರಗಿಕೊಳ್ಳಲು ಮಡಚುವ ಆಸನವೂ ಇರುವುದು ನ್ಯಾಯ.

ನಿಲ್ಲುವುದಕ್ಕೆ ಇನ್ನೊಂದು ಅರ್ಥವೂ ಉಂಟು. ಅಮೆರಿಕದ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಸುಮಾರು ಒಂದಡಿ ಹಿಡಿಯ ಗಿಡ್ಡ ಗುದ್ದಲಿಯೊಂದು ಬಹುಕಾಲ ಬಳಕೆಯಲ್ಲಿತ್ತು. ಅದನ್ನು ಹಿಡಿದವನು ಸೊಂಟ ಬಗ್ಗಿಸಿಯೇ ದುಡಿಯಬೇಕು. ಗಿಡದ ಹತ್ತಿರ ಬಗ್ಗಿದರೆ ಕೆಲಸ ಅಚ್ಚುಕಟ್ಟು ಎಂದು ಒಡೆಯರು ವಾದಿಸಿದರು. ಕೂಲಿಯವರ ಅನುಭವ ಬೇರೆಯಾಗಿತ್ತು: ಎಲ್ಲರೂ ಬಗ್ಗಿರುವ ಹೊಲದಲ್ಲಿ ನೆಟ್ಟಗೆ ನಿಂತವನು ಮೇಸ್ತ್ರಿಯ ಕಣ್ಣಿಗೆ ಕೂಡಲೆ ಬೀಳುತ್ತಾನೆ, ನಿಂತವನೆಂದರೆ ಸೋಮಾರಿ ಎಂದು ಲೆಕ್ಕ. ಎಷ್ಟೋ ಜನರ ಬೆನ್ನು ಮುರಿದ ಮೇಲೆ 1975ರಲ್ಲಿ ಆ ರಾಜ್ಯದ ಪರಮೋಚ್ಚ ನ್ಯಾಯಾಲಯ ಕೂಲಿಗಾರರ ವಾದಕ್ಕೆ ಮನ್ನಣೆಯಿತ್ತಿತು. ಅದೇ ವರ್ಷ ಗಿಡ್ಡ ಗುದ್ದಲಿ ನಿಷಿದ್ಧವಾಯಿತು. ಒಂದು ಹಿಡಿಯ ಉದ್ದಗಿಡ್ಡದಲ್ಲಿ ಒಬ್ಬ ಮನುಷ್ಯನ ಮಾನ ಅಡಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ಬಂಡಿಯನ್ನು ನಡೆಸುವ ಮಾತು. 2001ರ ಡಿಸೆಂಬರಿನಲ್ಲಿ ಅಮೆರಿಕದ ಡೀನ್ ಕೇಮನ್ ಎಂಬ ಶೋಧಕರು 'ಸೆಗ್ವೇ' ಎಂಬ ಇಚ್ಚಕ್ರ ವಾಹನವನ್ನು ಲೋಕದ ಮುಂದಿಟ್ಟರು. ಅದರ ಮೇಲೆ ನಿಂತು ಮುಂದಕ್ಕೆ ವಾಲಿದರೆ ಮುಂದಕ್ಕೂ ಹಿಂದಕ್ಕೆ ವಾಲಿದರೆ ಹಿಂದಕ್ಕೂ ಅದು ಚಲಿಸುತ್ತಿತ್ತು. ಹುಡುಗರು ಅಂಗೈಯ ಮೇಲೆ ಕೋಲನ್ನು ನಿಲ್ಲಿಸಿ ಆಡುವುದನ್ನು ನೀವು ನೋಡಿದ್ದೀರಿ. ಕೋಲು ವಾಲಿದತ್ತ ಅಂಗೈ ಓಡಿಹೋಗಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಸೆಗ್ವೇಯ ಚಕ್ರಗಳು ಮಾಡುತ್ತಿದ್ದುದೂ ಅದನ್ನೇ. ತಿರುವಿಗೆ ಮಾತ್ರ ಕೈ ಬೇಕಾಗಿತ್ತು. 2016ರಲ್ಲಿ ಬಂದ ಅದರ ಕಿರಿಯ ರೂಪದಲ್ಲಿ ಮಂಡಿಗಳ ನಡುವಿನ ಕಂಬವನ್ನು ಒತ್ತಿದರೆ ವಾಹನ ತಿರುಗುತ್ತಿತ್ತು. ಹಾಗಾದರೆ ನಮ್ಮ ಸಮಸ್ಯೆ ಬಗೆಹರಿಯಿತಲ್ಲ ಎನಿಸಬಹುದು.

ಬಗೆಹರಿಯಲಿಲ್ಲ. ರಸ್ತೆಯಲ್ಲಿ ಹೋಗುವವನಿಗೆ ಹೋಗುವುದೊಂದೇ ಕೆಲಸ. ಅವನು ವಾಲಿದರೆ ಅದಕ್ಕೆ 'ನಡೆ' ಎಂಬುದೊಂದೇ ಅರ್ಥ. ತೋಟಗಾರನು ವಾಲುವುದು ಗಿಡಬೇಲಿಯ ಆಚೆಯ ರೆಂಬೆಯನ್ನು ಮುಟ್ಟುವುದಕ್ಕೆ. ಅವನು ಕತ್ತರಿ ಚಾಚಿದ ಗಳಿಗೆಯಲ್ಲಿ ಬಂಡಿ ಅದನ್ನು ಆಜ್ಞೆಯೆಂದು ತಿಳಿದು ಮುನ್ನುಗ್ಗಿದರೆ ಗತಿಯೇನು? ಒಂದೇ ಪ್ರತ್ಯಯಕ್ಕೆ ಎರಡು ಅರ್ಥ ಬಂದರೆ ವಾಕ್ಯ ಗೊಂದಲವಾಗುತ್ತದೆ. ಇಲ್ಲಿ ಕೈಕಾಲೇ ಮುರಿಯುತ್ತವೆ. ಆದ್ದರಿಂದ ಇಂಥ ಬಂಡಿಯ ಮೊದಲ ಸೂತ್ರ ಇದು: ಕೆಲಸಕ್ಕೆ ಬೇಕಾದ ಚಲನೆಯನ್ನು ಆಜ್ಞೆಗೆ ಬಳಸಕೂಡದು. ಮುಂಡವನ್ನು ಕೆಲಸಕ್ಕೆ ಬಿಟ್ಟುಕೊಡಬೇಕು. ತಿರುಗಿಸುವುದನ್ನು ಸೊಂಟದ ಎರಡು ಪಕ್ಕದ ಮೆತ್ತೆಗಳಿಗೂ, ನಡೆಸುವುದನ್ನು ಪಾದದ ತುಳಿತಕ್ಕೂ ವಹಿಸಬೇಕು. ನಿಂತು ಸವರುವಾಗ ಬಂಡಿ ಕಿವುಡಾಗಿರಬೇಕು; ಸಿಂಪಡಿಸುತ್ತ ಸಾಗುವಾಗ ನಡಿಗೆಯ ವೇಗವನ್ನು ಮೀರದೆ ನೇರವಾಗಿ ಹೋಗುತ್ತಿರಬೇಕು.

ಸಮತೋಲದ ಲೆಕ್ಕವೂ ಇದೆ. ಚಕ್ರಗಳ ನಡುವಣ ಅಗಲ 90 ಸೆಂಟಿಮೀಟರು, ಆಳಿನ ತೂಕ 70 ಕಿಲೋ, ಹಲಗೆಯ ಮೇಲೆ ನಿಂತಾಗ ಅವನ ಗುರುತ್ವಕೇಂದ್ರ ನೆಲದಿಂದ 120 ಸೆಂಟಿಮೀಟರು ಎತ್ತರ ಎಂದಿಟ್ಟುಕೊಳ್ಳೋಣ. ಬಂಡಿಯ ಗುರುತ್ವಕೇಂದ್ರ 40 ಸೆಂಟಿಮೀಟರಿನಲ್ಲಿರಲಿ. ಬಂಡಿಯೂ 70 ಕಿಲೋ ಇದ್ದರೆ ಎರಡೂ ಸೇರಿದ ಕೇಂದ್ರ 80 ಸೆಂಟಿಮೀಟರಿಗೆ ಏರುತ್ತದೆ. ಆಳು ಪಕ್ಕಕ್ಕೆ 30 ಸೆಂಟಿಮೀಟರು ವಾಲಿದನೆಂದರೆ ಆ ಕಡೆಗೆ ಸುಮಾರು 20 ಡಿಗ್ರಿಯ ಇಳಿಜಾರಿನಲ್ಲೇ ಎಲ್ಲವೂ ಮಗುಚುತ್ತದೆ. ಬಂಡಿ 210 ಕಿಲೋ ಇದ್ದರೆ ಕೇಂದ್ರ 60 ಸೆಂಟಿಮೀಟರಿಗೆ ಇಳಿದು, ಅದೇ ವಾಲಿಕೆಯನ್ನು 32 ಡಿಗ್ರಿಯವರೆಗೆ ತಾಳುತ್ತದೆ. ಇದು ಬಂಡಿ ನಿಂತಿರುವಾಗಿನ ಲೆಕ್ಕ. ಚಲಿಸುವಾಗ ಅದರ ಅರ್ಧವನ್ನು ನಂಬುವುದೂ ಧೈರ್ಯವೇ. ಆದಕಾರಣ ಭಾರವಾದ ಬ್ಯಾಟರಿಗಳನ್ನು ತಳದಲ್ಲಿ ಇಡಬೇಕು. ಹುಲ್ಲು ನಲುಗದಂತೆ ಅಗಲವಾದ, ಕಡಿಮೆ ಗಾಳಿಯ ಟೈರುಗಳನ್ನು ಹಾಕಬೇಕು.

ಎಲ್ಲಕ್ಕಿಂತ ಕಠಿನವಾದದ್ದು ನಿಲ್ಲಿಸುವ ಮಾತು. ಅಮೆರಿಕದಲ್ಲಿ 1982ರಲ್ಲಿ ಜಾರಿಗೆ ಬಂದ ನಿಯಮದಂತೆ, ಹಿಂದೆ ನಡೆದು ನಡೆಸುವ ಹುಲ್ಲು ಯಂತ್ರದ ಹಿಡಿಯನ್ನು ಬಿಟ್ಟ 3 ಸೆಕೆಂಡುಗಳೊಳಗೆ ಅಲಗು ನಿಲ್ಲಬೇಕು. ಕೈ ಅಲ್ಲಿದ್ದರೆ ಮನುಷ್ಯ ಅಲ್ಲಿದ್ದಾನೆ, ಕೈ ಬಿಟ್ಟರೆ ಅವನು ಬಿದ್ದಿದ್ದಾನೆ ಎಂದು ಯಂತ್ರ ತಿಳಿದುಕೊಳ್ಳುತ್ತದೆ. ಕೈಯನ್ನು ಬಿಡಿಸುವ ನಮ್ಮ ಬಂಡಿ ಈ ಕಾವಲನ್ನೂ ಬಿಡಿಸಿಬಿಡುತ್ತದೆ. ಆ ಕಾವಲನ್ನು ಪಾದದ ಕೆಳಗೆ ಮರಳಿ ಕೂರಿಸಬೇಕು: ಹಲಗೆಯ ಮೇಲಿನ ಭಾರ ತಪ್ಪಿದ ಕೂಡಲೆ ಬಂಡಿ ನಿಲ್ಲಬೇಕು. ಸೆಗ್ವೇ ಕಲಿಸಿದ ಪಾಠವೊಂದು ಇಲ್ಲಿ ಸಲ್ಲುತ್ತದೆ. ಬ್ಯಾಟರಿ ತಗ್ಗಿದಾಗ ಸವಾರರು ಬೀಳುವ ಸಂಭವವಿದೆಯೆಂದು 2003ರಲ್ಲಿ ಸುಮಾರು 6,000 ವಾಹನಗಳನ್ನು ಸರಿಪಡಿಸಲು ಹಿಂದಕ್ಕೆ ಕರೆಯಲಾಯಿತು. ಅಂಗೈ ದಣಿದರೆ ಕೋಲು ಬಿದ್ದಂತೆಯೇ ಇದು. ತೋಟದ ಬಂಡಿಗೆ ಮೂರೋ ನಾಲ್ಕೋ ಚಕ್ರಗಳಿದ್ದು, ವಿದ್ಯುತ್ತು ಹೋದರೂ ಅದು ತಾನಾಗಿ ನಿಂತಿರಬೇಕು. ಬ್ರೇಕು ಸ್ಪ್ರಿಂಗಿನ ಬಲದಿಂದ ಸದಾ ಬಿಗಿದಿದ್ದು, ವಿದ್ಯುತ್ತು ಬಂದಾಗ ಮಾತ್ರ ಸಡಿಲಬೇಕು. ಶಕ್ತಿ ಉಡುಗಿದ ಗಳಿಗೆಯಲ್ಲಿ ಯಂತ್ರ ಮನುಷ್ಯನ ಪಕ್ಷವನ್ನು ಹಿಡಿಯಬೇಕೆಂಬುದು ಇದರ ತಾತ್ಪರ್ಯ.

ಇಂಥ ಬಂಡಿ ಒಂದು ದಿನ ನಮ್ಮ ಊರಿನ ಉದ್ಯಾನಗಳಿಗೂ ಬರಬಹುದು. ಇಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವವರಲ್ಲಿ ಹೆಣ್ಣುಮಕ್ಕಳು ಬಹಳ. ಅವರು ಸೀರೆಯುಟ್ಟಿರುತ್ತಾರೆ, ಕಾಲಲ್ಲಿ ಸಾದಾ ಚಪ್ಪಲಿ, ಎಷ್ಟೋ ಸಲ ಅದೂ ಇಲ್ಲ. ದಪ್ಪ ಅಟ್ಟೆಯ ಬೂಟಿಗೆಂದು ಅಳೆದ ತುಳಿಮಣೆ ಬರಿಗಾಲನ್ನು ಹೇಗೆ ಅರಿತೀತು? ಆರಡಿ ಗಂಡಾಳಿನ ಸೊಂಟಕ್ಕೆ ಇಟ್ಟ ಮೆತ್ತೆ ಐದಡಿಯ ಹೆಣ್ಣಿನ ಪಕ್ಕೆಲುಬನ್ನು ಒತ್ತದೆ? ಸೀರೆಯ ಅಂಚು ಚಕ್ರಕ್ಕೆ ಸಿಲುಕದಂತೆ ಮರೆ ಇದೆಯೆ? ಈ ಪ್ರಶ್ನೆಗಳು ನಕ್ಷೆ ಬರೆಯುವ ಕೊಠಡಿಯಲ್ಲಿ ಹುಟ್ಟುವಂಥವಲ್ಲ. ಮೊದಲ ಮಾದರಿಯ ಹಲಗೆಯ ಮೇಲೆ ಮೊದಲು ನಿಲ್ಲಬೇಕಾದವಳು ಆ ಕೆಲಸದಾಕೆಯೇ; 'ಇದು ಸರಿಯಿಲ್ಲ' ಎಂದು ಅವಳು ಹೇಳಿದ್ದನ್ನು ಬರೆದುಕೊಳ್ಳುವ ವಿನಯ ವಿನ್ಯಾಸಕನಿಗೆ ಇರಬೇಕು.

ಇನ್ನೊಂದು ಭಯವನ್ನೂ ಮುಚ್ಚಿಡಲಾಗದು. ಬಿಡುವಾದ ಕೈಯನ್ನು ಕಂಡರೆ ಲೋಕಕ್ಕೆ ಸಹನೆಯಿಲ್ಲ. ನಾಲ್ಕು ಜನರ ಕೆಲಸವನ್ನು ಒಬ್ಬನಿಗೆ ಹೊರಿಸಿ ಮೂವರನ್ನು ಮನೆಗೆ ಕಳುಹಿಸಿದರೆ, ಕೈಗಳನ್ನು ಬಿಡಿಸಿದ ಬಂಡಿಯೇ ಜನರನ್ನು ಕೈಬಿಟ್ಟಂತಾಗುತ್ತದೆ. ಅದನ್ನು ತಡೆಯುವ ಬ್ರೇಕು ಯಾವ ಬಂಡಿಯಲ್ಲಿಯೂ ಇಲ್ಲ. ಅದು ಬಂಡಿಯನ್ನು ಕೊಳ್ಳುವವರ ಮನಸ್ಸಿನಲ್ಲಿರಬೇಕು, ಇಲ್ಲವೆ ಗಿಡ್ಡ ಗುದ್ದಲಿಯ ವಿಷಯದಲ್ಲಿ ಆದಂತೆ ಕಾನೂನಿನಲ್ಲಿರಬೇಕು.

ಯಂತ್ರ ಕೈಯನ್ನು ಬಿಡಿಸುವುದು ಕೈಗೆ ತಕ್ಕ ಕೆಲಸವನ್ನು ಅದಕ್ಕೆ ಮರಳಿ ಕೊಡುವುದಕ್ಕಾಗಿ. ಭಾರವನ್ನು ಹೊರುವುದಕ್ಕೆ ಚಕ್ರವಿದೆ, ತಳ್ಳುವುದಕ್ಕೆ ಮೋಟಾರಿದೆ. ಯಾವ ಚಿಗುರನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂಬುದನ್ನು ಮುಟ್ಟಿ ತಿಳಿಯುವುದು ಬೆರಳಿಗೆ ಮಾತ್ರ ಸಾಧ್ಯ. ಆ ಬೆರಳು ಹಿಡಿಕೆಗೆ ಅಂಟಿಕೊಂಡಿರಬೇಕಾಗಿಲ್ಲ. ಆ ಬೆನ್ನು ಬಾಗಿಯೇ ಇರಬೇಕಾಗಿಲ್ಲ. ಇಷ್ಟನ್ನು ಒಪ್ಪಿಕೊಂಡು ಹೊರಟವನು ಕಟ್ಟುವ ಬಂಡಿ ಕೈ ಬಿಟ್ಟರೂ ಕೈಮೀರುವುದಿಲ್ಲ ಎಂಬ ಭರವಸೆ ನನ್ನದು.